ನನ್ನ ಬಾಕಿ ಪುಸ್ತಕ

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಒಬ್ಬ ಟ್ಯಾಕ್ಸ್ ಕನ್ಸಲ್ಟಂಟರ ಹತ್ತಿರ ಕೆಲಸ ಮಾಡುತ್ತೇನೆ. 2017ರಲ್ಲಿ ಜಿಎಸ್‌ಟಿ ಬಂದಾಗಿನಿಂದ ಕೆಲಸ ನೆನಪಿಡಲು ಒಂದೇ ಪದ್ಧತಿ ಇಟ್ಟುಕೊಂಡಿದ್ದೇನೆ. ಹೊಸದಾಗಿ ಸೇರಿದ ಹುಡುಗರಿಗೆ ಅದನ್ನು ನೋಡಿದರೆ ನಗು. ಲ್ಯಾಪ್‌ಟಾಪ್ ಪಕ್ಕದಲ್ಲಿ ಕೆಂಪು ರಟ್ಟಿನ ಒಂದು ಉದ್ದ ಪುಸ್ತಕ. ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆದಿಡುತ್ತಾರಲ್ಲ, ಅಂಥದ್ದು.

ಅದರಲ್ಲಿ ನಾನು ಮಾಡಬೇಕಾದ ಕೆಲಸ ಬರೆಯುವುದಿಲ್ಲ. ಬೇರೆಯವರಿಂದ ನನಗೆ ಬರಬೇಕಾದ್ದು ಮಾತ್ರ ಬರೆಯುತ್ತೇನೆ.

ನನ್ನ ಕೆಲಸ ಏನು ಅಂತ ಸರ್ಕಾರವೇ ಹೇಳಿಬಿಟ್ಟಿದೆ. 7ಕ್ಕೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದ ತೆರಿಗೆ) ಕಟ್ಟಬೇಕು, 11ಕ್ಕೆ ಮಾರಾಟದ ಬಿಲ್ಲುಗಳ ರಿಟರ್ನ್ ಜಿಎಸ್‌ಟಿಆರ್-1, 15ಕ್ಕೆ ಪಿಎಫ್, 20ಕ್ಕೆ ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್ 3ಬಿ. ಇವನ್ನು ಫೋನಿನ ಕ್ಯಾಲೆಂಡರ್‌ನಲ್ಲಿ ಒಮ್ಮೆ ಹಾಕಿದರೆ ಮುಗಿಯಿತು, ಪ್ರತಿ ತಿಂಗಳೂ ತಾವೇ ಬಂದು ಬಾಗಿಲು ಬಡಿಯುತ್ತವೆ. ನಮ್ಮಲ್ಲಿ ಕೆಲಸ ನಿಲ್ಲುವುದು ಮರೆವಿನಿಂದ ಅಲ್ಲ. ಯಾರೋ ಏನೋ ಕಳಿಸಿರುವುದಿಲ್ಲ. ಖರೀದಿ ಬಿಲ್ಲು ಬಂದಿಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್ ಬಂದಿಲ್ಲ, ರಿಟರ್ನ್ ಹಾಕಲು ಅವರ ಫೋನಿಗೆ ಬರುವ ಓಟಿಪಿ ನಮಗೆ ಬಂದಿಲ್ಲ. ಇನ್ನೊಂದು ಗಂಟು ಇದೆ. 14ರಂದು ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ, ಅಂದರೆ ಖರೀದಿ ಬಿಲ್ಲುಗಳ ಪಟ್ಟಿ, ಬರುತ್ತದೆ. ನಮ್ಮ ಪಾರ್ಟಿಗೆ, ಅಂದರೆ ನಾವು ಲೆಕ್ಕ ನೋಡುವ ವ್ಯಾಪಾರಿಗೆ, ಮಾಲು ಕೊಟ್ಟವನು 11ರೊಳಗೆ ತನ್ನ ರಿಟರ್ನ್ ಹಾಕದಿದ್ದರೆ ಆ ಬಿಲ್ಲು ಅಲ್ಲಿ ಕಾಣುವುದಿಲ್ಲ. ಕಾಣದ ಬಿಲ್ಲಿನ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ್ದರಲ್ಲಿ ಕಳೆಯುವುದು) ತೆಗೆದುಕೊಳ್ಳುವ ಹಾಗಿಲ್ಲ, 2022ರಿಂದ ಅದೇ ಕಾಯ್ದೆ. ಅಂದರೆ ನಾನು ಪಾರ್ಟಿಗಾಗಿ ಕಾಯುತ್ತೇನೆ, ಪಾರ್ಟಿ ಇನ್ನೊಬ್ಬರಿಗಾಗಿ ಕಾಯುತ್ತಾರೆ. ಈ ಕಾಯುವಿಕೆಯನ್ನು ಎಲ್ಲೋ ಬರೆದಿಡದಿದ್ದರೆ ತಲೆ ಕೆಡದೆ ಇರುತ್ತದಾ?

ಒಂದು ಪಾರ್ಟಿಗೆ ಒಂದು ಪುಟ. ಒಂದು ಸಾಲು ಹೀಗಿರುತ್ತದೆ: 'ಕರೆಂಟ್ ಅಕೌಂಟ್ ಸ್ಟೇಟ್‌ಮೆಂಟ್, ಮಗನ ಕಡೆ ಇದೆ. ಕೇಳಿದ್ದು 3, 6, 9.' ಕೊನೆಯಲ್ಲಿರುವ ಆ ಅಂಕಿಗಳೇ ನನ್ನ ಪದ್ಧತಿ. ಪ್ರತಿ ಸಲ ಕೇಳಿದಾಗ ಅವತ್ತಿನ ತಾರೀಖು ಪಕ್ಕದಲ್ಲಿ ಬೀಳುತ್ತದೆ. ಮೊದಲ ಎರಡು ಸಲ ವಾಟ್ಸಾಪ್. ಮೂರನೆಯದಕ್ಕೆ ಫೋನು. ನಾಲ್ಕನೆಯ ತಾರೀಖು ಬರೆಯುವ ಹೊತ್ತು ಬಂದರೆ ನಮ್ಮ ಹುಡುಗ ಗಾಡಿ ತೆಗೆಯುತ್ತಾನೆ. ಬಂದ ಮೇಲೆ ಸಾಲಿನ ಮೇಲೆ ಒಂದು ಗೀಟು, ಅಷ್ಟೇ. ಗೀಟು ಎಳೆಯುವಾಗಿನ ಖುಷಿ ಮೊಬೈಲ್‌ನ ಟಿಕ್ ಮಾರ್ಕಿನಲ್ಲಿ ನನಗೆ ಸಿಕ್ಕಿಲ್ಲ. ಅದು ನನ್ನ ವಯಸ್ಸಿನ ದೋಷವೂ ಇರಬಹುದು ಬಿಡಿ.

ಪುಟದ ತಲೆಯಲ್ಲಿ, ಹೆಸರಿನ ಕೆಳಗೆ, ಯಾರು ಯಾವಾಗ ಸಿಗುತ್ತಾರೆ ಅಂತ ಬರೆದಿರುತ್ತೇನೆ. ಅಮರಗೋಳ ಎಪಿಎಂಸಿಯವರಿಗೆ ಸವಾಲು, ಅಂದರೆ ಹರಾಜು, ನಡೆಯುವಾಗ ಫೋನ್ ಮಾಡಿದರೆ ಎತ್ತುವುದಿಲ್ಲ, ಎತ್ತಿದರೂ ಕೇಳಿಸುವುದಿಲ್ಲ. ದುರ್ಗದ ಬೈಲಿನ ಬಟ್ಟೆ ಅಂಗಡಿಗೆ ಸಂಜೆ ಆರರ ಮೇಲೆ ಕರೆ ಮಾಡಲೇಬಾರದು, ದೀಪಾವಳಿ ಮುಂದಂತೂ ಕೇಳಲೇಬೇಡಿ. ಗೋಕುಲ ರಸ್ತೆಯ ಕಾರ್ಖಾನೆಯವರು ಬೆಳಿಗ್ಗೆ ಹತ್ತರೊಳಗೆ ಸಿಗುತ್ತಾರೆ. ಓಟಿಪಿ ವಿಷಯದಲ್ಲಿ ಇದು ಬಹಳ ಮುಖ್ಯ. ಓಟಿಪಿ ಕಾಯುವುದಿಲ್ಲ, ಕೆಲವೇ ನಿಮಿಷದಲ್ಲಿ ಸಾಯುತ್ತದೆ. ಒಮ್ಮೆ 20ನೇ ತಾರೀಖು ರಾತ್ರಿ ಒಬ್ಬ ಯಜಮಾನರಿಗೆ ಫೋನ್ ಹಚ್ಚಿದೆ.

"ಅಕ್ಕಾರ, ಓಟಿಪಿ ಬಂದೈತ್ರಿ. ಆದ್ರ ಚಾಳೀಸ್ ಅಂಗಡ್ಯಾಗ ಉಳದೈತಿ."

"ಮನ್ಯಾಗ ಯಾರಿಗಾದ್ರೂ ಓದಾಕ ಕೊಡ್ರಿ."

"ಎಲ್ಲಾರೂ ಊಟಕ್ಕ ಕುಂತಾರ್ರಿ. ತಡೀರಿ, ಮೊಮ್ಮಗನ್ನ ಕರೀತೀನಿ."

ಮೊಮ್ಮಗ ಓದಿ ಹೇಳಿದ. ಅವನು ಎರಡನೇ ಕ್ಲಾಸು. ಆ ಪುಟದ ತಲೆಯಲ್ಲಿ ಈಗ 'ಓಟಿಪಿ ಹಗಲೊತ್ತೇ, ಅಂಗಡಿಯಲ್ಲಿ' ಅಂತ ಇದೆ.

ನಡುವೆ ಬೇರೆ ಪದ್ಧತಿಗಳೂ ಬಂದು ಹೋದವು. ಕೆಲಸಕ್ಕೆ ಎ, ಬಿ, ಸಿ ಅಂತ ದರ್ಜೆ ಕೊಡುವುದು ಸುಮ್ನೆ ದಂಡ. 20ಕ್ಕೆ ಹೋಗಬೇಕಾದ್ದು 20ಕ್ಕೆ ಹೋಗಬೇಕು, ಅದಕ್ಕೆ ದರ್ಜೆ ಯಾಕೆ? 25 ನಿಮಿಷ ಒಂದೇ ಕೆಲಸ, ಆಮೇಲೆ 5 ನಿಮಿಷ ಬಿಡುವು ಎನ್ನುವ ಪೊಮೊಡೊರೊ ಒಳ್ಳೆಯದೇ. ಆದರೆ ಎದುರಿಗೆ ಬಂದು ಕುಂತ ಪಾರ್ಟಿಗೆ ಗಡಿಯಾರ ತೋರಿಸೋಕೆ ಆಗುತ್ತಾ? ಎರಡು ನಿಮಿಷದ ಕೆಲಸ ಆಗಿಂದಾಗಲೇ ಮುಗಿಸಿಬಿಡಿ ಅನ್ನುತ್ತಾರಲ್ಲ, ಅದು ನಮ್ಮಲ್ಲಿ ಇನ್ನೂ ಕಷ್ಟ. ನಮ್ಮ ಆಫೀಸಿಗೆ ಬರುವುದೆಲ್ಲ ಎರಡು ನಿಮಿಷದ ಕೆಲಸವೇ. ಒಂದೊಂದನ್ನೂ ಆಗಲೇ ಮುಗಿಸುತ್ತಾ ಕೂತರೆ ರಿಟರ್ನ್ ತುಂಬುವವರು ಯಾರು? ಅವನ್ನೆಲ್ಲ ಸಂಜೆ ನಾಲ್ಕರ ಚಹಾ ಆದ ಮೇಲೆ ಒಟ್ಟಿಗೆ ಮಾಡುತ್ತೇನೆ.

ವಾರಕ್ಕೊಮ್ಮೆ ಎಲ್ಲ ಪಟ್ಟಿಯನ್ನೂ ತಿರುಗಿ ನೋಡಬೇಕು ಅನ್ನುವುದೂ ನನಗೆ ಒಗ್ಗಲಿಲ್ಲ. ನಮ್ಮ ಕಸುಬಿಗೆ ವಾರ ಅನ್ನುವುದೇ ಇಲ್ಲ, ಇರುವುದು ತಿಂಗಳು. ಹಾಗಾಗಿ 21ನೇ ತಾರೀಖು ಪುಸ್ತಕ ಪೂರ್ತಿ ತಿರುವುತ್ತೇನೆ. ಗೀಟು ಬೀಳದ ಸಾಲು ಮುಂದಿನ ತಿಂಗಳಿಗೆ ಹೋಗುತ್ತದೆ, ಅದರ ಹಳೆಯ ತಾರೀಖುಗಳ ಸಮೇತ. ತಾರೀಖು ಬಿಟ್ಟು ಬರೀ ವಿಷಯ ಬರೆದುಕೊಂಡರೆ ಹಳೇ ಬಾಕಿಯೂ ಹೊಸದರ ಹಾಗೆ ಕಾಣುತ್ತದೆ.

ಪ್ರತಿ ಏಪ್ರಿಲ್‌ಗೆ ಹೊಸ ಪುಸ್ತಕ. ಹಳೆಯವನ್ನು ಎಸೆದಿಲ್ಲ. ಅದರ ಬೆಲೆ ಗೊತ್ತಾಗಿದ್ದು 2024ರ ಜನವರಿಯಲ್ಲಿ. ಕಾರ್ಖಾನೆಯ ಒಂದು ಪಾರ್ಟಿಗೆ 2018-19ರ ಲೆಕ್ಕದ ಮೇಲೆ ನೋಟಿಸು ಬಂತು. ಬಿಡಿಭಾಗ ಕೊಟ್ಟ ಬೆಳಗಾವಿಯ ಒಬ್ಬರ ಬಿಲ್ಲುಗಳು ಪೋರ್ಟಲ್‌ಗೆ ಹೊಂದುತ್ತಿರಲಿಲ್ಲ. ಪಾರ್ಟಿಯವರು ಬಂದವರೇ, ನೀವು ಆವಾಗಲೇ ಹೇಳಬೇಕಿತ್ತಲ್ವಾ ಅಂತ ಜೋರು ಮಾಡಿದರು. ಕಪಾಟಿನಿಂದ ಆ ವರ್ಷದ ಪುಸ್ತಕ ತೆಗೆದೆ. ಅದೇ ಬಿಲ್ಲು, ಅದೇ ಬೆಳಗಾವಿಯವರ ಹೆಸರು, ಮುಂದೆ ಸಾಲಾಗಿ ಕೇಳಿದ ತಾರೀಖುಗಳು, ಕೊನೆಗೆ 'ಪಾರ್ಟಿಯವರೇ ಮಾತಾಡ್ತೀನಿ ಅಂದಿದ್ದಾರೆ' ಅಂತ ನನ್ನದೇ ಅಕ್ಷರ. ಅವರು ಜೋರು ಬಿಟ್ಟು ನೀರು ಕೇಳಿದರು.

ನನಗೆ ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಅದೇ ಸಾಲಿನಲ್ಲಿದ್ದ ಬೆಳಗಾವಿಯವರ ಫೋನ್ ನಂಬರು. ಆ ವರ್ಷದ ಇಂಥ ವ್ಯತ್ಯಾಸಕ್ಕೆ ಒಂದು ದಾರಿ ಇತ್ತು. ಒಬ್ಬ ಸಪ್ಲೈಯರ್‌ದು ತೆರಿಗೆ ವ್ಯತ್ಯಾಸ ವರ್ಷಕ್ಕೆ 5 ಲಕ್ಷದೊಳಗಿದ್ದರೆ, ಮಾಲು ಕೊಟ್ಟು ತೆರಿಗೆ ಕಟ್ಟಿದ್ದೇವೆ ಅಂತ ಅವರಿಂದಲೇ ಸರ್ಟಿಫಿಕೇಟ್ ತಂದು ಕೊಡಬಹುದು ಅಂತ 2022ರ ಡಿಸೆಂಬರ್ ಸರ್ಕ್ಯುಲರ್ ಹೇಳಿತ್ತು. ಮೇಲಾದರೆ ಸಿಎ ಸರ್ಟಿಫಿಕೇಟ್ ಬೇಕು. ನಮ್ಮದು ಒಳಗೇ ಇತ್ತು. ನಂಬರ್ ಇನ್ನೂ ಚಾಲ್ತಿಯಲ್ಲಿತ್ತು, ಅವರು ಸಹಿ ಮಾಡಿ ಕೊರಿಯರ್ ಮಾಡಿದರು.

ಜಿಎಸ್‌ಟಿ ಲೆಕ್ಕದ ಪುಸ್ತಕಗಳನ್ನು ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಡಬೇಕು ಅಂತ ಕಾಯ್ದೆಯಲ್ಲಿದೆ. ನನ್ನ ಉದ್ದ ಪುಸ್ತಕಕ್ಕೆ ಆ ಕಾಯ್ದೆ ಹತ್ತುವುದಿಲ್ಲ, ಆದರೂ ನಾನು ಅದೇ ಲೆಕ್ಕ ಹಿಡಿದಿದ್ದೇನೆ. ಸ್ಕ್ಯಾನ್ ಮಾಡಿಬಿಡಿ ಅಕ್ಕಾ ಅಂತ ಹುಡುಗರು ಹೇಳುತ್ತಲೇ ಇರುತ್ತಾರೆ. ಮಾಡಲಿ, ಬೇಡ ಅನ್ನೋಲ್ಲ. ಸ್ಕ್ಯಾನರ್ ಮುಂದೆ ಕೂರುವವರು ಯಾರು ಅಂತ ಕೇಳಿದರೆ ಮಾತ್ರ ಎಲ್ಲರಿಗೂ ಒಮ್ಮೆಲೇ ಕೆಲಸ ನೆನಪಾಗುತ್ತದೆ. ಸದ್ಯಕ್ಕೆ ಕಪಾಟಿಗೆ ಇನ್ನೊಂದು ಹಲಗೆ ಹಾಕಿಸಲು ಬಡಿಗೇರರಿಗೆ ಹೇಳಿದ್ದೇನೆ. ಅವರದೂ ಒಂದು ಸಾಲು ಪುಸ್ತಕದಲ್ಲಿದೆ. ಎರಡು ತಾರೀಖು ಬಿದ್ದಿವೆ.