ಸರ್ವಿಸ್ ಆದ ನಾಲ್ಕೇ ದಿನಕ್ಕೆ ಶುರುವಾದ ಇಂಜಿನ್ ಶಬ್ದ

ಧರ್ಮಸ್ಥಳಕ್ಕೆ ಹೋಗಿ ವಾಪಸ್ ಮೂಡಿಗೆರೆಗೆ ಬೈಕಲ್ಲಿ ಬರ್ತಾ ಇದ್ವಿ, ನಾನು ಮತ್ತೆ ನಮ್ಮನೆಯವಳು, ಮಧ್ಯೆ ಒಂದು ತುಂಬಿದ ಬ್ಯಾಗು. ಚಾರ್ಮಾಡಿ ಘಾಟಿ ಅರ್ಧ ಹತ್ತಿರಬೇಕು, ಮೂರನೇ ಗೇರಲ್ಲಿ ಥ್ರಾಟಲ್ ಕೊಟ್ಟ ತಕ್ಷಣ ಇಂಜಿನ್ ಒಳಗಿಂದ ಟಣಟಣಟಣ ಅಂತ ಒಂದು ಶಬ್ದ, ತಗಡಿನ ಡಬ್ಬಿಗೆ ಕಡಲೆಕಾಳು ಹಾಕಿ ಅಲ್ಲಾಡಿಸ್ತಾರಲ್ಲ ಹಾಗೆ. ಎರಡನೇ ಗೇರಿಗೆ ಇಳಿಸಿದೆ, ಶಬ್ದ ನಿಂತೋಯ್ತು. ಮತ್ತೆ ಮೂರಕ್ಕೆ ಹಾಕಿ ಥ್ರಾಟಲ್ ಕೊಟ್ಟೆ, ಮತ್ತೆ ಬಂತು. "ಏನ್ರೀ ಅದು, ನಿಲ್ಸಿ ಸ್ವಲ್ಪ" ಅಂದ್ಳು ಹಿಂದಿನಿಂದ. ಬೆಳಿಗ್ಗೆ ಇದೇ ಘಾಟಿ ಇಳಿಯೋವಾಗ ಒಂದು ಚೂರೂ ಇರ್ಲಿಲ್ಲ.

ಗಾಡಿ 150 ಸಿಸಿ, ಏರ್ ಕೂಲ್ಡ್, ಸಿಂಗಲ್ ಸಿಲಿಂಡರ್, ಕಾರ್ಬುರೇಟರ್ ಇರೋ ಹಳೇ ಕಾಲದ್ದು, 61 ಸಾವಿರ ಕಿಮೀ ಓಡಿದೆ. ನಮ್ಮಪ್ಪ ಆಸ್ಪತ್ರೆ ಓಡಾಟ ಮಾಡಿದ್ದೂ ಇದರಲ್ಲೇ, ನನ್ನ ಮಗಳನ್ನ ಮೊದಲ ದಿನ ಶಾಲೆಗೆ ಬಿಟ್ಟಿದ್ದೂ ಇದರಲ್ಲೇ, ಹಾಗಾಗಿ ಇದರ ಶಬ್ದ ಒಂಚೂರು ಬದಲಾದ್ರೂ ನಂಗೆ ಹೊಟ್ಟೆ ಕಲಸುತ್ತೆ. ಘಾಟಿಗೆ ಹೋಗೋ ನಾಲ್ಕು ದಿನ ಮುಂಚೆನೇ ಸರ್ವಿಸ್ ಮಾಡ್ಸಿದ್ದೆ. ಆಯಿಲ್, ಏರ್ ಫಿಲ್ಟರ್, ಕಿಡಿ ಕೊಡೋ ಪ್ಲಗ್ ಹೊಸದು, ಕಾರ್ಬುರೇಟರ್ (ಪೆಟ್ರೋಲು ಗಾಳಿ ಬೆರೆಸೋದು) ಕ್ಲೀನಿಂಗ್, ಟ್ಯಾಪೆಟ್ (ವಾಲ್ವ್ ಮೇಲೆ ಬಿಡೋ ಸಣ್ಣ ಸಂದು) ಸೆಟ್ಟಿಂಗ್, ಚೈನ್ ಟೈಟು, ಇಷ್ಟೇ. ಮಾಮೂಲಿ ಸರ್ವಿಸ್.

ಮಾರನೇ ದಿನ ಸರ್ವಿಸ್ ಮಾಡಿದ ಕಡೆಗೇ ತಗೊಂಡು ಹೋದೆ. ಸ್ಟಾರ್ಟ್ ಮಾಡಿ ಒಂದು ನಿಮಿಷ ಕೇಳಿ "ಸಾರ್, ಕನೆಕ್ಟಿಂಗ್ ರಾಡ್ ಹೋಗಿದೆ, ಇಂಜಿನ್ ಬಿಚ್ಚಬೇಕು, ಬೋರ್ ಪಿಸ್ಟನ್ನೂ ಒಟ್ಟಿಗೇ ಮಾಡಿಸ್ಬಿಡಿ, ಹತ್ತು ಸಾವಿರದ ಹತ್ರ ಬರತ್ತೆ" ಅಂದ್ರು. ಕನೆಕ್ಟಿಂಗ್ ರಾಡ್ ಅಂದ್ರೆ ಪಿಸ್ಟನ್ನನ್ನ ಕೆಳಗಿನ ಕ್ರ್ಯಾಂಕಿಗೆ ಜೋಡಿಸೋ ಕಂಬಿ. ಗಾಡಿ ಓಡಿಸಿ ನೋಡ್ಲಿಲ್ಲ, ಯಾವಾಗ ಬರತ್ತೆ ಶಬ್ದ ಅಂತ ಕೇಳ್ಲೂ ಇಲ್ಲ. ನಂಗೆ ಬೇಜಾರಾಗಿದ್ದು ದುಡ್ಡಿನ ಮಾತಿಗಲ್ಲ, ಕೇಳದೇ ಇದ್ದಿದ್ದಕ್ಕೆ. ನಿಂತ ಗಾಡಿಯಲ್ಲಿ ಬರೋ ಶಬ್ದ ಬೇರೆ, ಘಾಟಿಯಲ್ಲಿ ಬಂದ ಶಬ್ದ ಬೇರೆ ಇತ್ತು, ಅವರು ಎರಡಕ್ಕೂ ಸೇರಿಸಿ ನಾಕಿಂಗ್ ಅಂತ ಒಂದೇ ಹೆಸರಿಟ್ರು. ಬಿಚ್ಚೋದು ಬೇಡ ಅಂತ ವಾಪಸ್ ತಂದೆ.

ನಮ್ಮೂರಲ್ಲಿ ಒಬ್ರು ಹಳೇ ಮೇಸ್ತ್ರಿ ಇದ್ದಾರೆ, ಈಗ ಕಣ್ಣು ಮಂಜಾಗಿ ಗ್ಯಾರೇಜ್ ಮುಚ್ಚಿದ್ದಾರೆ, ಆದ್ರೆ ಕಿವಿ ಇನ್ನೂ ಚುರುಕು. ಅವರ ಮನೆಗೆ ಹೋದೆ. ಅವರು ಗಾಡಿ ಮುಟ್ಟೋಕೆ ಮುಂಚೆ ಕೇಳಿದ್ದು "ಸರ್ವಿಸಲ್ಲಿ ಏನೇನ್ ಮುಟ್ಟಿದ್ರು ಮಾರಾಯ್ರೆ, ಅದನ್ನ ಮೊದ್ಲು ಹೇಳಿ" ಅಂತ. ಹೇಳಿದೆ. "ಹಂಗಾದ್ರೆ ಮೊನ್ನೆವರೆಗೂ ಸರಿ ಇದ್ದ ರಾಡು ಯಾಕೆ ಹೋಗತ್ತೆ, ಮುಟ್ಟಿದ್ದಷ್ಟನ್ನೇ ನೋಡಿ, ಒಂದೊಂದೇ ನೋಡಿ, ಎರಡು ಒಟ್ಟಿಗೆ ಬದಲಾಯಿಸ್ಬೇಡಿ" ಅಂದ್ರು.

ಶಬ್ದಗಳ ವಿಷಯ ಅವರು ಹೇಳಿದ್ದು ನಂಗೆ ಗೊತ್ತಿದ್ದು ಎರಡೂ ಸೇರಿಸಿ ಬರೀತೀನಿ, ಯಾಕಂದ್ರೆ ಇದು ಗೊತ್ತಿದ್ರೆ ಅರ್ಧ ಕೆಲಸ ಮುಗಿದ ಹಾಗೆ. ಟ್ಯಾಪೆಟ್ ಶಬ್ದ ಸಣ್ಣದು, ಚುರುಕಾಗಿ ಟಿಕ್ ಟಿಕ್ ಅಂತ ಇಂಜಿನ್ ಮೇಲಿನ ಹೆಡ್ ಹತ್ರ ಬರತ್ತೆ, ಐಡ್ಲಿಂಗಲ್ಲೇ (ಗಾಡಿ ನಿಂತು ಇಂಜಿನ್ ಮಾತ್ರ ಓಡ್ತಿರೋವಾಗ) ಚೆನ್ನಾಗಿ ಕೇಳತ್ತೆ, ಲೋಡ್ ಇದ್ರೂ ಇಲ್ದಿದ್ರೂ ಅಷ್ಟೇ. ಪಿಸ್ಟನ್ ಸವೆದಿದ್ರೆ ಬೆಳಿಗ್ಗೆ ಕೋಲ್ಡ್ ಇದ್ದಾಗ ಜೋರು, ಬಿಸಿಯಾದ್ಮೇಲೆ ಕಮ್ಮಿ. ಕ್ಯಾಮ್ ಚೈನ್ (ವಾಲ್ವ್ ನಡೆಸೋ ಇಂಜಿನ್ ಒಳಗಿನ ಚೈನ್) ಲೂಸ್ ಇದ್ರೆ ಥ್ರಾಟಲ್ ಬಿಟ್ಟಾಗ ಎಡಗಡೆನೋ ಬಲಗಡೆನೋ ಚೈನ್ ಇರೋ ಬದಿಯಲ್ಲಿ ಸರಸರ ಅಂತ ಉಜ್ಜಿದ ಹಾಗೆ. ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದ್ರೆ ಕೆಳಗಿನಿಂದ ದಪ್ಪ ಶಬ್ದ, ಧಡ್ ಧಡ್ ಅಂತ, ಬಿಸಿಯಾದ್ಮೇಲೆ ಇನ್ನೂ ಜಾಸ್ತಿ, ಅದರ ಜೊತೆಗೆ ಆಯಿಲಲ್ಲಿ ಮಿಣಮಿಣ ಅನ್ನೋ ಲೋಹದ ಪುಡಿ. ಆ ಕಡಲೆಕಾಳಿನ ಶಬ್ದ ಇದ್ಯಾವುದೂ ಅಲ್ಲ. ಅದು ಪಾರ್ಟು ಪಾರ್ಟಿಗೆ ಹೊಡೆಯೋ ಶಬ್ದ ಅಲ್ವೇ ಅಲ್ಲ, ಒಳಗಡೆ ಪೆಟ್ರೋಲು ಗಾಳಿ ಸರಿಯಾಗಿ ಒಂದು ಕಡೆಯಿಂದ ಉರ್ಕೊಂಡು ಹೋಗೋ ಬದ್ಲು ಹೊತ್ತಲ್ಲದ ಹೊತ್ತಲ್ಲಿ ಎಲ್ಲೆಲ್ಲೋ ಹೊತ್ಕೊಂಡು ಒತ್ತಡದ ಅಲೆ ಗೋಡೆಗೆ ಬಡಿಯೋ ಶಬ್ದ. ನಿಜವಾದ ನಾಕಿಂಗ್ ಅಂದ್ರೆ ಇದು. ಹೀಗೇ ಓಡಿಸ್ತಾ ಇದ್ರೆ ಪಿಸ್ಟನ್ ತಲೆ ಕರಗಿ ತೂತಾಗೋದೂ ಉಂಟು.

ಮೊದ್ಲು ಆಯಿಲ್. ಲೆವೆಲ್ ಸರಿ ಇತ್ತು, ಬಿಳಿ ಬಟ್ಟೆ ಮೇಲೆ ಎರಡು ಹನಿ ಹಾಕಿ ಬಿಸಿಲಿಗೆ ಹಿಡಿದೆ, ಪುಡಿ ಇಲ್ಲ. ರಾಡಿನ ಭಯ ಅಲ್ಲಿಗೆ ಮುಕ್ಕಾಲು ಹೋಯ್ತು.

ಆಮೇಲೆ ಟ್ಯಾಪೆಟ್. ಇದನ್ನ ಇಂಜಿನ್ ಪೂರ್ತಿ ತಣ್ಣಗಿದ್ದಾಗಲೇ ನೋಡ್ಬೇಕು, ಸರ್ವಿಸಿಗೆ ಓಡಿಸ್ಕೊಂಡು ಹೋದ ಗಾಡಿನ ಅರ್ಧ ಗಂಟೆಯಲ್ಲಿ ಬಿಚ್ಚಿದ್ರೆ ಅಳತೆ ಸರಿ ಬರಲ್ಲ. ರಾತ್ರಿಯೆಲ್ಲ ನಿಂತಿದ್ದ ಗಾಡಿಗೆ ಬೆಳಿಗ್ಗೆ ಆರಕ್ಕೆ ಕೂತೆ. ಕ್ಯಾಪ್ ಬಿಚ್ಚಿ, ಕ್ರ್ಯಾಂಕ್ ತಿರುಗಿಸಿ ಟಿ ಮಾರ್ಕ್ (ಪಿಸ್ಟನ್ ತೀರಾ ಮೇಲಿದೆ ಅನ್ನೋ ಗುರುತು) ಸೇರಿಸಿ, ವಾಲ್ವ್ ಒತ್ತೋ ಎರಡೂ ರಾಕರ್ ಕೈಯಲ್ಲಿ ಸ್ವಲ್ಪ ಅಲ್ಲಾಡ್ತಾ ಇದೆಯಾ ನೋಡಿದೆ (ಅಲ್ಲಾಡ್ಲಿಲ್ಲ ಅಂದ್ರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸ್ಬೇಕು, ಅದು ಕಂಪ್ರೆಷನ್ ಸ್ಟ್ರೋಕ್ ಅಲ್ಲ ಅಂತ ಅರ್ಥ). ನನ್ನ ಗಾಡಿಯ ಮ್ಯಾನ್ಯುಯಲ್ ಪ್ರಕಾರ ಇನ್‌ಟೇಕ್ 0.08 ಎಂಎಂ, ಎಗ್ಸಾಸ್ಟ್ 0.12. ಇನ್‌ಟೇಕ್ ಸರಿಯಾಗೇ ಇತ್ತು, ಎಗ್ಸಾಸ್ಟಲ್ಲಿ 0.20 ಫೀಲರ್ ಗೇಜು (ಸಂದು ಅಳೆಯೋ ತೆಳು ತಗಡು) ಆರಾಮಾಗಿ ಒಳಗೆ ಹೋಯ್ತು! ಸೆಟ್ ಮಾಡಿ ಲಾಕ್‌ನಟ್ ಟೈಟ್ ಮಾಡಿ ಮತ್ತೆ ಗೇಜ್ ಹಾಕಿ ನೋಡಿದೆ, ಯಾಕಂದ್ರೆ ನಟ್ ಟೈಟ್ ಮಾಡೋವಾಗ್ಲೇ ಸ್ಕ್ರೂ ಒಂಚೂರು ತಿರುಗ್ಬಿಡತ್ತೆ, ಎಷ್ಟೋ ಜನ ಅಲ್ಲೇ ತಪ್ಪೋದು. ಸ್ಟಾರ್ಟ್ ಮಾಡಿದೆ, ಐಡ್ಲಿಂಗಿನ ಟಿಕ್ ಟಿಕ್ ಪೂರ್ತಿ ಹೋಯ್ತು. ಸರ್ವಿಸಿನವರು ರಾಡ್ ಅಂದಿದ್ದು ಇದನ್ನೇ.

ಖುಷಿಯಲ್ಲಿ ಕೊಟ್ಟಿಗೆಹಾರ ದಾಟಿ ಘಾಟಿಯಲ್ಲಿ ಸ್ವಲ್ಪ ಕೆಳಗಿಳಿದು ತಿರುಗಿಸ್ಕೊಂಡು ಹತ್ತಿಸಿದೆ. ಹತ್ತು ನಿಮಿಷ ಏನೂ ಇಲ್ಲ, ಇಂಜಿನ್ ಕಾದ ಮೇಲೆ ಮೂರನೇ ಗೇರಲ್ಲಿ ಮತ್ತೆ ಟಣಟಣ. ಅಂದ್ರೆ ಎರಡು ಶಬ್ದ, ಎರಡು ಕಾರಣ. ಆ ಸಂಜೆ ನಿಜವಾಗ್ಲೂ ಕುಗ್ಗಿಹೋಗಿದ್ದೆ.

ಎಲ್ಲರೂ ಹೇಳಿದ್ದು ಎಥನಾಲ್ ಅಂತ. ಈಗ ಬಂಕಲ್ಲಿ ಸಿಗೋದು 20% ಎಥನಾಲ್ ಇರೋ ಪೆಟ್ರೋಲು, ಹಳೇ ಗಾಡಿಗಳ ರಬ್ಬರ್ ಪೈಪು ವಾಷರ್ ವಿಷಯದಲ್ಲಿ ನಂಗೂ ಚಿಂತೆ ಇದೆ, ಆದ್ರೆ ನಾಕಿಂಗ್ ವಿಷಯದಲ್ಲಿ ಎಥನಾಲನ್ನ ನೇರವಾಗಿ ಬೈಯೋಕಾಗಲ್ಲ, ಅದರ ಆಕ್ಟೇನ್ (ತಾನಾಗೇ ಹೊತ್ಕೊಳ್ಳದೇ ತಡ್ಕೊಳ್ಳೋ ಗುಣ) ಪೆಟ್ರೋಲಿಗಿಂತ ಜಾಸ್ತಿ, ಹೊತ್ತಲ್ಲದ ಹೊತ್ತಲ್ಲಿ ಹೊತ್ಕೊಳ್ಳೋದನ್ನ ಅದು ತಡೆಯತ್ತೆ. ಇನ್ನೊಂದು ಕಡೆ ಅದರಲ್ಲೇ ಆಕ್ಸಿಜನ್ ಇರೋದ್ರಿಂದ ಕಾರ್ಬುರೇಟರ್ ಗಾಡಿಗಳಿಗೆ ಮಿಕ್ಸ್ಚರ್ ಸ್ವಲ್ಪ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಆಗತ್ತೆ, ಅದೂ ನಿಜ. ಆದ್ರೆ ನಾನು ಸರ್ವಿಸ್ ಮುಂಚೆನೂ ಅದೇ ಬಂಕಿನ ಅದೇ ಪೆಟ್ರೋಲ್ ಹಾಕ್ಸಿ ಇದೇ ಘಾಟಿ ಎಷ್ಟೋ ಸಲ ಹತ್ತಿದೀನಲ್ಲ. ಆದ್ರೂ ಇರಲಿ ಅಂತ ಟ್ಯಾಂಕ್ ಖಾಲಿಯಾಗೋವರೆಗೂ ಊರೊಳಗೇ ಓಡಿಸಿ ಜಾಸ್ತಿ ಆಕ್ಟೇನಿನ ಪ್ರೀಮಿಯಂ ಪೆಟ್ರೋಲ್ ಹಾಕ್ಸಿ ಘಾಟಿಗೆ ಹೋದೆ. ಶಬ್ದ ಕಮ್ಮಿ ಆಯ್ತು, ಪೂರ್ತಿ ಹೋಗ್ಲಿಲ್ಲ. ಇದನ್ನ ಮೇಸ್ತ್ರಿಗೆ ಹೇಳಿದಾಗ ಅವರು ಕೂತಲ್ಲಿಂದ ಎದ್ದೇಬಿಟ್ರು. "ಪೆಟ್ರೋಲ್ ಬದಲಾಯಿಸಿದ್ದಕ್ಕೆ ಶಬ್ದ ಬದಲಾಯ್ತು ಅಂದ್ರೆ ಕಬ್ಬಿಣದ್ದಲ್ಲ ಮಾರಾಯ್ರೆ, ಬೆಂಕೀದು! ಪ್ಲಗ್ ಬಿಚ್ಚಿ" ಅಂದ್ರು.

ಬಿಚ್ಚಿದೆ. ನಾನೂರು ಕಿಮೀ ಕೂಡ ಓಡದ ಪ್ಲಗ್ಗಿನ ಪಿಂಗಾಣಿ ಸುಣ್ಣದ ಹಾಗೆ ಬೆಳ್ಳಗೆ, ಮೇಲೆ ಸಣ್ಣ ಸಣ್ಣ ಗುಳ್ಳೆ. ಸರಿಯಾಗಿ ಉರಿಯೋ ಇಂಜಿನ್ನಲ್ಲಿ ಅದು ತಿಳಿ ಕಂದು ಬಣ್ಣಕ್ಕೆ ಇರ್ಬೇಕು. ನಾನು ಯಾವಾಗ್ಲೂ ಹಳೇ ಸ್ಪೇರ್ ಕೇಳಿ ಇಸ್ಕೊಂಡು ಬರ್ತೀನಿ, ಸೀಟ್ ಕೆಳಗೆ ಕವರಲ್ಲಿ ಹಳೇ ಪ್ಲಗ್ ಇತ್ತು, ಎರಡನ್ನೂ ಪಕ್ಕಪಕ್ಕ ಇಟ್ಟು ನಂಬರ್ ಓದಿದೆ. ಎರಡೂ ಎನ್‌ಜಿಕೆ ಕಂಪನಿಯದ್ದು. ಹಳೇದು ಸಿಪಿಆರ್8ಇಎ-9. ಹೊಸದು ಸಿಪಿಆರ್6ಇಎ-9. ಥ್ರೆಡ್ ಒಂದೇ, ಉದ್ದ ಒಂದೇ, ಗ್ಯಾಪ್ ಒಂದೇ, ಪಾನಾ ಒಂದೇ, ಹಾಗಾಗಿ ಕೂತ್ಕೊಂಡಿದೆ. ಮಧ್ಯದ ಒಂದು ಅಂಕಿ ಮಾತ್ರ ಬೇರೆ.

ಆ ಅಂಕಿ ಹೀಟ್ ರೇಂಜು. ಪ್ಲಗ್ ಹಾಟ್ ಅಂದ್ರೆ ಕಿಡಿ ಜೋರು ಅಂತಲ್ಲ, ತುದಿಯ ಬಿಸಿನ ಹೆಡ್‌ಗೆ ದಾಟಿಸೋದು ನಿಧಾನ ಅಂತ. ತುದಿ ಸುಮಾರು 500ರಿಂದ 800 ಡಿಗ್ರಿ ಒಳಗೆ ಇದ್ರೆ ಮಸಿನೂ ಕೂರಲ್ಲ, ತಾನಾಗೇ ಬೆಂಕಿನೂ ಹಚ್ಚಲ್ಲ. ಒಂದು ಅಂಕಿ ವ್ಯತ್ಯಾಸಕ್ಕೆ ತುದಿಯ ಬಿಸಿ 70ರಿಂದ 100 ಡಿಗ್ರಿ ಆಚೀಚೆ ಆಗತ್ತೆ, ನನ್ನದ್ರಲ್ಲಿ ಎರಡು ಅಂಕಿ, ಅದೂ ಹಾಟ್ ಕಡೆಗೆ. ಪೇಟೆಯಲ್ಲಿ, ತಂಪಲ್ಲಿ, ಒಬ್ಬನೇ ಓಡಿಸಿದ್ರೆ ಗೊತ್ತೇ ಆಗಲ್ಲ. ಘಾಟಿಯಲ್ಲಿ ಇಬ್ಬರು ಕೂತು ಹತ್ತು ನಿಮಿಷ ಎಳೆದ್ರೆ ತುದಿ ಕೆಂಡ ಆಗತ್ತೆ, ಕಿಡಿ ಬರೋ ಮುಂಚೆನೇ ಹೊತ್ಸತ್ತೆ. ಗೊಂದಲ ಎಲ್ಲಿ ಅಂದ್ರೆ ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ಕೋಲ್ಡ್ ಪ್ಲಗ್, ಬಾಷ್‌ನಲ್ಲಿ ಉಲ್ಟಾ, ಅಂಕಿ ದೊಡ್ಡದಾದಷ್ಟೂ ಹಾಟ್. ಎರಡೂ ಒಂದೇ ಶೆಲ್ಫಲ್ಲಿ ಇರೋ ಅಂಗಡಿಗಳಲ್ಲಿ ಕೈ ತಪ್ಪೋದು ಸುಲಭ.

ಹಳೇ ಪ್ಲಗ್ಗನ್ನೇ ಬ್ರಷಲ್ಲಿ ಉಜ್ಜಿ ಹಾಕ್ದೆ, ಟ್ಯಾಂಕಿಗೆ ಮಾಮೂಲಿ ಪೆಟ್ರೋಲೇ ವಾಪಸ್ ಹಾಕ್ಸಿದೆ, ನಮ್ಮನೆಯವಳನ್ನೂ ಕೂರಿಸ್ಕೊಂಡೆ, ಯಾಕಂದ್ರೆ ಭಾರ ಮೊದಲಿನಷ್ಟೇ ಇರ್ಬೇಕಲ್ಲ. ಪೂರ್ತಿ ಚಾರ್ಮಾಡಿವರೆಗೂ ಇಳಿದು ಹತ್ತಿದ್ವಿ. ಮೂರನೇ ಗೇರಲ್ಲಿ ಬೇಕಂತಲೇ ಥ್ರಾಟಲ್ ಕೊಟ್ಟೆ, ಅದೇ ತಿರುವು, ಅದೇ ಸ್ಪೀಡು. ಬರೀ ಇಂಜಿನ್ನಿನ ದಮ್ಮು ಕೇಳಿಸ್ತಿತ್ತು, ಮತ್ತೇನೂ ಇಲ್ಲ. "ಇಲ್ಲ ಕಣ್ರೀ, ಇಲ್ಲ" ಅಂತ ಅವಳೇ ಮೊದ್ಲು ಹೇಳಿದ್ದು. ಕೊಟ್ಟಿಗೆಹಾರದಲ್ಲಿ ನಿಲ್ಸಿ ನೀರ್ದೋಸೆ ತಿಂದ್ವಿ.

ಮಾರನೇ ದಿನ ಎರಡು ಪ್ಲಗ್ಗನ್ನೂ ತಗೊಂಡು ಸರ್ವಿಸಿನವರ ಟೇಬಲ್ ಮೇಲಿಟ್ಟೆ, ಜಗಳ ಆಡ್ಲಿಲ್ಲ. ಅಲ್ಲಿದ್ದ ಚಿಕ್ಕ ಹುಡುಗ ಒಬ್ಬ ಎರಡೂ ನಂಬರ್ ಓದಿ ಫೋನಲ್ಲಿ ಫೋಟೋ ಹೊಡ್ಕೊಂಡ, ಸರಿಯಾದ 8ನೇ ನಂಬರಿನ ಹೊಸ ಪ್ಲಗ್ ದುಡ್ಡಿಲ್ಲದೇ ಹಾಕ್ಕೊಟ್ಟ. ಮನೆಗೆ ಬಂದು ಸೈಡ್ ಪ್ಯಾನಲ್ ಬಿಚ್ಚಿ ಒಳಗಡೆ ಪೇಂಟ್ ಮಾರ್ಕರಲ್ಲಿ ದಪ್ಪಗೆ ಬರೆದಿಟ್ಟಿದೀನಿ: ಪ್ಲಗ್ 8, ಇನ್‌ಟೇಕ್ 0.08, ಎಗ್ಸಾಸ್ಟ್ 0.12, ತಣ್ಣಗಿದ್ದಾಗ ಮಾತ್ರ.