ಸ್ಕೂಬಿ ಗ್ಯಾಂಗಿಗೆ ಪ್ರಾಯ ಬಂದರೆ

1969ರಲ್ಲಿ ಶುರುವಾದ ಸ್ಕೂಬಿ ಡೂ ಕಾರ್ಟೂನಿನಲ್ಲಿ ನಾಲ್ವರು ಹುಡುಗ ಹುಡುಗಿಯರು, ಸ್ಕೂಬಿ ಅನ್ನೋ ಮಾತಾಡೋ ನಾಯಿ ಸೇರಿ ದೆವ್ವಗಳ ಗುಟ್ಟು ಬಯಲು ಮಾಡ್ತಾರೆ. ದೆವ್ವದ ಮುಖವಾಡ ಕಿತ್ತರೆ ಕತೆ ಮುಗೀತು. ಒಳಗಿರೋದು ದುಡ್ಡಿನಾಸೆಯ ಯಾವನೋ ಮನುಷ್ಯ. ಇದನ್ನೇ ಹದಿಹರೆಯದವರ ಕಾದಂಬರಿಯಾಗಿ ಮರುಬರೆಯೋದಾದ್ರೆ, ಅದು ಶುರುವಾಗಬೇಕಾದ್ದೇ ಅಲ್ಲಿಂದ. ಗ್ಯಾಂಗಿನ ಹೊಟ್ಟೆಬಾಕ ಹುಡುಗ ಶ್ಯಾಗಿಯ ಹಸಿವು ತೆಗೀಬೇಡಿ, ಅದಕ್ಕೊಂದು ಕಾರಣ ಕೊಡಿ: ಹೆದರಿದಾಗಲೇ ತಿನ್ನೋ ಹುಡುಗ ಆಗಲಿ. ಅದೇ ಗ್ಯಾಂಗಿನ ಹುಡುಗಿ ವೆಲ್ಮಾ ಕನ್ನಡಕ ಬಿದ್ದು ನೆಲ ತಡಕಾಡೋದು ಕಾರ್ಟೂನಲ್ಲಿ ನಗು. ಅದನ್ನೇ ಅವಳ ಕಡೆಯಿಂದ ಬರೆದರೆ ಮೈ ಜುಮ್ಮೆನ್ನುತ್ತೆ. ನಾಯಿ ಮಾತಾಡಬೇಕಾ? ನನ್ನ ಕೇಳಿದ್ರೆ ಬೇಡ.

ಇಂಥ ಮರುಬರಹ ಕೆಡೋದು, ಗಂಭೀರ ಅಂದ್ರೆ ರಕ್ತ, ಬೈಗುಳ ಅಂದ್ಕೊಂಡು ತಮಾಷೆಯನ್ನೇ ಕೈಬಿಟ್ಟಾಗ.

ಚಿತ್ರದುರ್ಗದಲ್ಲಿ ಬರೆಯೋ ಹುಡುಗರು ಗ್ಯಾಂಗಿನ ನಾಲ್ವರನ್ನೂ ಚಂದ್ರವಳ್ಳಿಯ ಅಂಕಲಿ ಮಠದ ಗುಹೆಗೆ ಇಳಿಸಿ ನೋಡಿ. ಒಳಗೆ ಕಗ್ಗತ್ತಲು, ಬಾಗಿಲು ಗಿಡ್ಡ, ಬಗ್ಗಿಯೇ ನುಗ್ಗಬೇಕು. ದೆವ್ವ ಆಮೇಲೆ ಬರಲಿ. ಒಂದೇ ಟಾರ್ಚು ಯಾರ ಕೈಗೆ ಅನ್ನೋ ಜಗಳ ಮೊದಲು ಬರೀರಿ.