ಒಂದೇ ತರಗತಿಗೆ ಇಬ್ಬರು ಪ್ರಶಿಕ್ಷಣಾರ್ಥಿಗಳು

ನಮ್ಮ ದೇಶದಲ್ಲಿ ಬಿ.ಇಡಿ. ಪದವಿಗೆ ಎರಡು ಬೇರೆ ಬೇರೆ ಹಾದಿಗಳಿವೆ ಎಂಬುದು ಶಿಕ್ಷಣ ಕ್ಷೇತ್ರದ ಹೊರಗಿರುವ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಸಾಮಾನ್ಯ ಬಿ.ಇಡಿ. ಕಾಲೇಜುಗಳಿಗೆ ಮಾನ್ಯತೆ ನೀಡುವುದು 1993ರ ಕಾಯ್ದೆಯಡಿ ರಚನೆಯಾದ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ. ವಿಶೇಷ ಶಿಕ್ಷಣದ ಬಿ.ಇಡಿ. ನಡೆಸುವ ಕಾಲೇಜುಗಳಿಗಾದರೆ 1992ರ ಕಾಯ್ದೆಯಡಿ ರಚನೆಯಾದ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ಅನುಮತಿ ಬೇಕು. ಮೊದಲನೆಯದು ಶಿಕ್ಷಣ ಸಚಿವಾಲಯಕ್ಕೆ ಸೇರಿದೆ, ಎರಡನೆಯದು ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯಕ್ಕೆ. ಪಠ್ಯಕ್ರಮ ಬೇರೆ, ತಪಾಸಣೆ ಬೇರೆ, ಅಭ್ಯಾಸ ಬೋಧನೆಗೆ ಹೋಗುವ ಶಾಲೆಗಳೂ ಬಹುಮಟ್ಟಿಗೆ ಬೇರೆ. ಆದರೆ ಸಾಮಾನ್ಯ ಶಾಲೆಗೆ ಬರುವ ವಿಶೇಷ ಅಗತ್ಯವುಳ್ಳ ಮಗುವಿಗೆ ಈ ಎರಡೂ ಹಾದಿಗಳಲ್ಲಿ ಬಂದ ಶಿಕ್ಷಕರು ಬೇಕು, ಅದೂ ಒಬ್ಬರ ಕೆಲಸವನ್ನು ಇನ್ನೊಬ್ಬರು ಬಲ್ಲವರಾಗಿರಬೇಕು.

ಬಿ.ಇಡಿ. ಪ್ರಶಿಕ್ಷಣಾರ್ಥಿಗಳಿಗೆ ಪಾಠ ಹೇಳುವ ಕೆಲಸದಲ್ಲಿ ಬಹುಕಾಲದಿಂದ ಇರುವ ನನಗೆ ದೃಢವಾಗಿ ಅನಿಸಿರುವುದೇನೆಂದರೆ, ವಿಶೇಷ ಶಿಕ್ಷಕರ ತರಬೇತಿಯನ್ನು ಯಾವ ಕಾಲೇಜೂ ಒಂಟಿಯಾಗಿ ಸುಧಾರಿಸಲಾರದು. ಸಾಮಾನ್ಯ ಬಿ.ಇಡಿ. ಕಾಲೇಜು ಮತ್ತು ವಿಶೇಷ ಬಿ.ಇಡಿ. ಕಾಲೇಜು ತಮ್ಮ ಪ್ರಶಿಕ್ಷಣಾರ್ಥಿಗಳನ್ನು ಜೋಡಿ ಮಾಡಿ ಒಂದೇ ಶಾಲೆಗೆ, ಸಾಧ್ಯವಾದರೆ ಒಂದೇ ತರಗತಿಗೆ ಕಳುಹಿಸುವುದು ಆ ಸುಧಾರಣೆಯ ಮೊದಲ ಹೆಜ್ಜೆಯಾಗಬೇಕು. ಒಟ್ಟಿಗೆ ಕುಳಿತು ವಿಚಾರ ಸಂಕಿರಣ ನಡೆಸುವುದು, ಒಡಂಬಡಿಕೆಗೆ ಸಹಿ ಹಾಕಿ ಫೋಟೊ ತೆಗೆಸಿಕೊಳ್ಳುವುದು ಇವೆಲ್ಲ ಆಮೇಲೆ ಆಗಲಿ.

ಹೀಗೆ ಹೇಳಲು ಕಾರಣವಿದೆ. ಏಳನೆಯ ತರಗತಿಯ ವಿಜ್ಞಾನ ಪಾಠವೊಂದನ್ನು ವೀಕ್ಷಿಸುತ್ತಿದ್ದಾಗ ಶ್ರವಣ ಸಾಧನ ಧರಿಸಿದ ಹುಡುಗಿಯೊಬ್ಬಳು ಎರಡನೆಯ ಸಾಲಿನಲ್ಲಿ ಕುಳಿತಿದ್ದಳು. ಪಾಠ ಮಾಡುತ್ತಿದ್ದ ಪ್ರಶಿಕ್ಷಣಾರ್ಥಿಯ ತಯಾರಿ ಚೆನ್ನಾಗಿತ್ತು. ಸಸ್ಯಗಳು ಆಹಾರ ತಯಾರಿಸುವ ಬಗೆಯನ್ನು ಕಪ್ಪುಹಲಗೆಯ ಮೇಲೆ ಎಲೆಯ ಚಿತ್ರ ಬರೆಯುತ್ತಲೇ ವಿವರಿಸುತ್ತಿದ್ದರು. ಅವರು ಹಲಗೆಯ ಕಡೆಗೆ ತಿರುಗಿದಾಗಲೆಲ್ಲ ಆ ಹುಡುಗಿಯ ನೋಟ ಪಕ್ಕದವಳ ನೋಟ್‌ಬುಕ್‌ಗೆ ಹೋಗುತ್ತಿತ್ತು. ಶ್ರವಣ ಸಾಧನ ಧರಿಸಿದ ಮಗು ಕೇಳಿದ ಧ್ವನಿಯ ಜೊತೆಗೆ ತುಟಿಯ ಚಲನೆಯನ್ನೂ ನೋಡಿ ಮಾತನ್ನು ಗ್ರಹಿಸುತ್ತದೆ. ತುಟಿ ನೋಡಿದರೂ ‘ಪರ’, ‘ಬರ’, ‘ಮರ’ ಎಂಬ ಮೂರು ಪದಗಳೂ ಒಂದೇ ರೀತಿ ಕಾಣುವುದರಿಂದ ಹಲಗೆಯ ಮೇಲಿನ ಬರಹ ಮತ್ತು ಸಂದರ್ಭ ಎರಡೂ ಆ ಮಗುವಿಗೆ ಆಸರೆಯಾಗಬೇಕು. ಶಿಕ್ಷಕರು ಬೆನ್ನು ತಿರುಗಿಸಿ ಮಾತನಾಡಿದರೆ ಅಷ್ಟು ಹೊತ್ತಿನ ಪಾಠದಲ್ಲಿ ಬಹುಪಾಲು ಆ ಮಗುವಿಗೆ ಸಿಗದೆ ಹೋಗುತ್ತದೆ. ಶ್ರವಣ ದೋಷದ ವಿಷಯದಲ್ಲಿ ವಿಶೇಷ ಬಿ.ಇಡಿ. ಮಾಡುತ್ತಿರುವ ಯಾರೇ ಆ ತರಗತಿಯಲ್ಲಿದ್ದಿದ್ದರೆ ಮೊದಲ ಐದು ನಿಮಿಷದಲ್ಲೇ ಇದನ್ನು ಗಮನಿಸಿ, ಚಿತ್ರ ಮೊದಲು ಬರೆದು ಮುಗಿಸಿ ಆಮೇಲೆ ಮಕ್ಕಳ ಕಡೆಗೆ ತಿರುಗಿ ವಿವರಿಸಿ ಎಂದು ಹೇಳುತ್ತಿದ್ದರು. ಅದೇ ವೇಳೆಗೆ, ನಲವತ್ತು ಮಕ್ಕಳ ತರಗತಿಯಲ್ಲಿ ಏಳನೆಯ ತರಗತಿಯ ವಿಜ್ಞಾನವನ್ನು ಪಠ್ಯಕ್ರಮದ ವೇಗಕ್ಕೆ ತಕ್ಕಂತೆ ಮುಗಿಸುವುದು ಹೇಗೆಂಬುದನ್ನು ಆ ವಿಶೇಷ ಪ್ರಶಿಕ್ಷಣಾರ್ಥಿಯೂ ಅಲ್ಲೇ ಕಲಿಯುತ್ತಿದ್ದರು.

ಕಣ್ಣು ಕಾಣದ ಮಕ್ಕಳ ವಿಷಯದಲ್ಲಿಯೂ ಇದೇ ಮಾತು. ಕನ್ನಡ ಬ್ರೈಲ್‌ನಲ್ಲಿ ನಮ್ಮ ಕಾಗುಣಿತದ ಚಿಹ್ನೆಗಳಿಲ್ಲ. ‘ಕಿ’ ಎಂದು ಬರೆಯಲು ‘ಕ’ ಮತ್ತು ‘ಇ’ಗಳನ್ನು ಒಂದರ ಮುಂದೊಂದು ಬರೆಯಬೇಕು, ಒತ್ತಕ್ಷರವಾದರೆ ಅದರ ಸೂಚನೆ ಅಕ್ಷರಕ್ಕಿಂತ ಮೊದಲೇ ಬರುತ್ತದೆ. ಕಾಗುಣಿತ ತಿದ್ದಿಸುವ ಕನ್ನಡ ಶಿಕ್ಷಕರಿಗೆ ಇಷ್ಟು ಗೊತ್ತಿದ್ದರೂ ಸಾಕು, ಮಗು ಮಾಡಿದ್ದು ತಪ್ಪೋ ಲಿಪಿಯ ಸಹಜ ಕ್ರಮವೋ ಎಂಬುದು ತಿಳಿಯುತ್ತದೆ. ಬ್ರೈಲ್ ಪೂರ್ತಿ ಕಲಿಯಲು ಅವರಿಗೆ ವರ್ಷಗಳು ಬೇಕಿಲ್ಲ, ಬಲ್ಲವರೊಬ್ಬರ ಪಕ್ಕದಲ್ಲಿ ಕೆಲವು ವಾರ ಕೆಲಸ ಮಾಡುವ ಅವಕಾಶ ಬೇಕು.

ಕಾನೂನು ಈಗಾಗಲೇ ಈ ದಾರಿಯಲ್ಲಿ ಮುಂದೆ ಹೋಗಿದೆ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಹಾಗೂ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿ 21 ಆದವು. ಪ್ರಾಥಮಿಕ ಹಂತದಲ್ಲಿ ಇಂತಹ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಹೇಳಿತು. ಈ ಅನುಪಾತವನ್ನು ನಮ್ಮ ಹಳ್ಳಿಗಳ ಮೇಲಿಟ್ಟು ನೋಡಿದರೆ ಒಂದು ವಿಷಯ ತಾನಾಗಿ ತಿಳಿಯುತ್ತದೆ. ಒಂದೊಂದು ಶಾಲೆಯಲ್ಲಿ ಇಂತಹ ಮಕ್ಕಳು ಒಬ್ಬರೋ ಇಬ್ಬರೋ ಇರುತ್ತಾರೆ; ಹತ್ತು ಮಕ್ಕಳನ್ನು ನೋಡಿಕೊಳ್ಳುವ ವಿಶೇಷ ಶಿಕ್ಷಕರು ನಾಲ್ಕೈದು ಊರು ಸುತ್ತಲೇಬೇಕು. ನಮ್ಮ ಬ್ಲಾಕ್ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿಗಳು, ಹಾಗೆಯೇ ಸುತ್ತುತ್ತಾರೆ; ಶಾಲೆಗೆ ಬರಲಾಗದ ಮಕ್ಕಳ ಮನೆಗಳಿಗೂ ಹೋಗುತ್ತಾರೆ. ಅವರು ಬಾರದ ದಿನಗಳಲ್ಲೆಲ್ಲ ಮಗು ಸಾಮಾನ್ಯ ಶಿಕ್ಷಕರ ಕೈಯಲ್ಲೇ ಇರುತ್ತದೆ. ವಿಶೇಷ ಶಿಕ್ಷಕರ ಹುದ್ದೆಗಳನ್ನು ತುಂಬುವುದು ಸರ್ಕಾರ ತಡಮಾಡದೆ ಮಾಡಬೇಕಾದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲ ಹುದ್ದೆಗಳೂ ತುಂಬಿದ ಮೇಲೆಯೂ ದಿನನಿತ್ಯದ ಪಾಠ ಸಾಮಾನ್ಯ ಶಿಕ್ಷಕರದ್ದೇ ಆಗಿರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ನಾನು ಮೈಸೂರಿನ ಉದಾಹರಣೆಯನ್ನು ಪದೇ ಪದೇ ಹೇಳುವುದು ಇದೇ ಕಾರಣಕ್ಕೆ. ಅಲ್ಲಿನ ಮಾನಸಗಂಗೋತ್ರಿಯಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಿದೆ, ಅದಕ್ಕೆ ಸೇರಿದ ಪ್ರಾತ್ಯಕ್ಷಿಕ ಶಾಲೆಯೂ ಇದೆ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ಆಯಿಷ್, ಅಲ್ಲಿಯೇ ಇದ್ದು ಶ್ರವಣ ದೋಷದ ಮಕ್ಕಳ ಶಿಕ್ಷಕರಿಗಾಗಿ ಕೋರ್ಸ್‌ಗಳನ್ನು ನಡೆಸುತ್ತದೆ. 1969ರಿಂದ ಇರುವ ಭಾರತೀಯ ಭಾಷಾ ಸಂಸ್ಥಾನವೂ ಅಲ್ಲಿಯದೇ. ಊರಿನ ತಿಲಕ್ ನಗರದಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಸರ್ಕಾರಿ ಶಾಲೆಯಿದೆ. ತಾಯಂದಿರು ಮಕ್ಕಳ ಜೊತೆಯಲ್ಲೇ ಕುಳಿತು ಕಲಿಯುವ, ಕಿವುಡ ಮಕ್ಕಳ ತಂದೆತಾಯಿಗಳೇ ಕಟ್ಟಿದ ಶಾಲೆಯೂ ಇದೆ. ಇಷ್ಟು ಹತ್ತಿರದಲ್ಲಿ ಇಷ್ಟು ಬಗೆಯ ಪರಿಣತಿ ಸೇರಿರುವ ಊರುಗಳು ಹೆಚ್ಚಿಲ್ಲ. ಸುತ್ತಲಿನ ಜಿಲ್ಲೆಗಳ ಬಿ.ಇಡಿ. ಕಾಲೇಜುಗಳು ಮತ್ತು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳು, ಇದನ್ನು ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಬಂದು ನೋಡಿಹೋಗುವ ತಾಣವೆಂದು ಎಣಿಸದೆ, ತಮ್ಮ ತರಬೇತಿಯ ಭಾಗವೆಂದೇ ಎಣಿಸಬೇಕೆಂಬುದು ನನ್ನ ಆಗ್ರಹ. ದೂರ ಒಂದು ನೆಪವಾಗಬೇಕಿಲ್ಲ. ಆಯಿಷ್ ತನ್ನ ಡಿಪ್ಲೊಮಾ ಕೋರ್ಸ್ ಒಂದನ್ನು ಬೇರೆ ರಾಜ್ಯಗಳ ಕೇಂದ್ರಗಳಿಗೆ ವಿಡಿಯೊ ಮೂಲಕ ಬೋಧಿಸಿ, ಪ್ರಾಯೋಗಿಕ ತರಬೇತಿಯನ್ನು ಆಯಾ ಕೇಂದ್ರದಲ್ಲೇ ಕೊಟ್ಟು ತೋರಿಸಿದೆ.

ಇದೇ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾದ ನಲಿ ಕಲಿಯನ್ನು ಇಲ್ಲಿ ನೆನೆಯಲೇಬೇಕು. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನ ವೇಗಕ್ಕೆ ತಕ್ಕಂತೆ ಕಾರ್ಡಿನಿಂದ ಕಾರ್ಡಿಗೆ ಮುಂದುವರಿಯುವ ಆ ಪದ್ಧತಿಗೂ, ವಿಶೇಷ ಶಿಕ್ಷಕರು ಸಿದ್ಧಪಡಿಸುವ ವ್ಯಕ್ತಿಗತ ಶಿಕ್ಷಣ ಯೋಜನೆಗೂ ಇರುವ ನಂಟು ಬಹಳ ಹತ್ತಿರದ್ದು. ಬುದ್ಧಿಮಾಂದ್ಯತೆಯುಳ್ಳ ಮಗುವಿಗೆ ಒಂದು ಮೆಟ್ಟಿಲನ್ನು ಮೂರು ಸಣ್ಣ ಮೆಟ್ಟಿಲುಗಳಾಗಿ ಒಡೆಯುವುದನ್ನು ವಿಶೇಷ ಶಿಕ್ಷಕರು ಬಲ್ಲರು. ಆ ಮೂರು ಮೆಟ್ಟಿಲುಗಳನ್ನು ಯಾವ ಗುಂಪಿನಲ್ಲಿ, ಯಾವ ಚಟುವಟಿಕೆಯ ನಡುವೆ ಇಡಬೇಕೆಂಬುದನ್ನು ನಲಿ ಕಲಿ ಶಿಕ್ಷಕರು ಬಲ್ಲರು. ಎರಡು ಕಾಲೇಜುಗಳ ಪ್ರಶಿಕ್ಷಣಾರ್ಥಿಗಳು ಜೊತೆಯಾಗಿ ಒಂದು ಮೈಲಿಗಲ್ಲಿಗೆ, ಅಂದರೆ ಆ ಏಣಿಯ ಒಂದು ಹಂತಕ್ಕೆ, ಬೇಕಾದ ಕಾರ್ಡುಗಳನ್ನು ಮರುರೂಪಿಸಿದರೂ ಅದು ನೇರವಾಗಿ ಶಾಲೆಯಲ್ಲೇ ಬಳಕೆಗೆ ಬರುವ ಕೆಲಸವಾಗುತ್ತದೆ.

ಅಡ್ಡಿಗಳು ಇಲ್ಲವೆಂದಲ್ಲ. ಎನ್‌ಸಿಟಿಇಯ 2014ರ ನಿಯಮಾವಳಿಯ ಪ್ರಕಾರ ಎರಡು ವರ್ಷದ ಬಿ.ಇಡಿ.ಯಲ್ಲಿ ಕನಿಷ್ಠ 20 ವಾರ ಶಾಲೆಯಲ್ಲಿ ಕಳೆಯಬೇಕು, ಅದರಲ್ಲಿ 16 ವಾರ ಎರಡನೆಯ ವರ್ಷದ್ದು. ವಿಶೇಷ ಬಿ.ಇಡಿ.ಗೂ ತನ್ನದೇ ಪ್ರಾಯೋಗಿಕ ಅವಧಿಗಳಿವೆ. ಇವೆರಡರ ವೇಳಾಪಟ್ಟಿ ಹೊಂದದಿದ್ದರೆ ಜೋಡಿ ಕೂಡುವುದೇ ಇಲ್ಲ. ಅಂಕಗಳ ಸಮಸ್ಯೆ ಅದಕ್ಕಿಂತ ದೊಡ್ಡದು: ಜೊತೆಯಾಗಿ ಮಾಡಿದ ಪಾಠಕ್ಕೆ ಯಾರ ಮಾರ್ಗದರ್ಶಕ ಅಧ್ಯಾಪಕರು ಅಂಕ ಕೊಡಬೇಕು, ಆ ಅಂಕ ಆಂತರಿಕ ಮೌಲ್ಯಮಾಪನದಲ್ಲಿ ಯಾವ ಶೀರ್ಷಿಕೆಯಡಿ ಬರಬೇಕು ಎಂಬುದು ಇತ್ಯರ್ಥವಾಗದಿದ್ದರೆ ಪ್ರಶಿಕ್ಷಣಾರ್ಥಿಗಳು ಅದನ್ನು ಹೆಚ್ಚುವರಿ ಹೊರೆಯೆಂದೇ ತಿಳಿಯುತ್ತಾರೆ, ಹಾಗೆ ತಿಳಿಯುವುದು ಅವರ ತಪ್ಪೂ ಅಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎನ್‌ಸಿಟಿಇ ಮತ್ತು ಆರ್‌ಸಿಐ ಪಠ್ಯಕ್ರಮಗಳ ನಡುವೆ ಹೆಚ್ಚಿನ ಹೊಂದಾಣಿಕೆ ಬೇಕೆಂದು ಸ್ಪಷ್ಟವಾಗಿ ಹೇಳಿದೆ. ಪರಿಷತ್ತುಗಳ ಮಟ್ಟದಲ್ಲಿ ಅದು ಆಗುವವರೆಗೂ ನಾವು ಕಾಯಬೇಕಿಲ್ಲ. ಅಭ್ಯಾಸ ಬೋಧನೆಯ ಶಾಲೆಗಳನ್ನು ಆರಿಸುವವರು ಕಾಲೇಜಿನವರೇ. ಆಂತರಿಕ ಅಂಕಗಳ ಹಂಚಿಕೆಯನ್ನು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯ ಮುಂದಿಡಬಲ್ಲವರೂ ನಾವೇ.

ಆದ್ದರಿಂದ ಮುಂದಿನ ಶೈಕ್ಷಣಿಕ ವರ್ಷದ ಕ್ರಿಯಾಯೋಜನೆ ಬರೆಯುತ್ತಿರುವ ಸಹೋದ್ಯೋಗಿಗಳಲ್ಲಿ ನನ್ನದೊಂದು ಸಣ್ಣ ಪ್ರಸ್ತಾವವಿದೆ. ಹದಿನಾರು ವಾರಗಳಲ್ಲಿ ಎರಡು ವಾರವನ್ನಾದರೂ ಹತ್ತಿರದ ವಿಶೇಷ ಬಿ.ಇಡಿ. ಕಾಲೇಜಿನ ಜೊತೆ ಹೊಂದಿಸಿಕೊಳ್ಳಿ. ವಿಶೇಷ ಅಗತ್ಯವುಳ್ಳ ಮಕ್ಕಳು ಇರುವ ಒಂದೆರಡು ಶಾಲೆಗಳನ್ನು ಬಿಐಇಆರ್‌ಟಿಗಳನ್ನು ಕೇಳಿಯೇ ಆರಿಸಿ, ಏಕೆಂದರೆ ಯಾವ ಮಗು ಯಾವ ಶಾಲೆಯಲ್ಲಿದೆ, ಯಾವ ದಿನ ಬರುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಪಾಠ ಯೋಜನೆಯ ನಮೂನೆಯಲ್ಲಿ ಇಬ್ಬರ ಹೆಸರಿಗೂ ಜಾಗವಿರಲಿ, ಪಾಠ ವೀಕ್ಷಣಾ ಪುಸ್ತಕದಲ್ಲಿ ಎರಡೂ ಕಾಲೇಜಿನ ಅಧ್ಯಾಪಕರ ಸಹಿಗೆ ಜಾಗವಿರಲಿ. ಇಂತಹ ನಮೂನೆಯ ಕರಡೊಂದನ್ನು ನಾನು ಸಿದ್ಧಪಡಿಸುತ್ತಿದ್ದೇನೆ. ಬೇಕಾದವರು ಕೇಳಿದರೆ ಕಳುಹಿಸಿಕೊಡುತ್ತೇನೆ, ತಿದ್ದಿ ಕೊಟ್ಟರೆ ಇನ್ನೂ ಸಂತೋಷ.